ಬೂದಿದಿಬ್ಬದ ಗುಟ್ಟು ಬಿಡಿಸಿದ ಫೂಟ್ ದೊರೆ

ಆದೋನಿ, ಆಲೂರು, ರಾಯದುರ್ಗ ಇಂದು ಆಂಧ್ರದಲ್ಲಿವೆ. ಬಳ್ಳಾರಿ ಕರ್ನಾಟಕದಲ್ಲಿದೆ. 1953ರವರೆಗೆ ಇವೆಲ್ಲ ಒಂದೇ ಜಿಲ್ಲೆ. ಗಡಿಗೆರೆ ಬೀಳುವ ಎಷ್ಟೋ ವರ್ಷ ಮೊದಲೇ ಈ ಇಡೀ ಸೀಮೆಯ ಗುಡ್ಡ, ಹಳ್ಳ, ಬಂಡೆಗಳನ್ನು ಸುತ್ತಾಡಿ ನೋಡಿ ಪುಸ್ತಕಕ್ಕೆ ಇಳಿಸಿದವರು ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಕುರಿತ ಅವರ ಗ್ರಂಥ 1895ರಲ್ಲಿ ಹೊರಬಂತು.

ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿ ಮದರಾಸು ಪ್ರಾಂತ್ಯಕ್ಕೆ ಬಂದರು. ಎಲ್ಲಿ ಯಾವ ಕಲ್ಲಿದೆ, ಯಾವ ಅದಿರಿದೆ ಅಂತ ನಕ್ಷೆ ಬರೆಯೋದು ಸರ್ಕಾರ ಕೊಟ್ಟ ಕೆಲಸ. ಆದರೆ ಅವರ ಕಣ್ಣು ಕಲ್ಲಿನ ಜೊತೆಗೆ ಕಲ್ಲು ಹಿಡಿದ ಮನುಷ್ಯನನ್ನೂ ಹುಡುಕುತ್ತಿತ್ತು.

ಗರಸಿನಲ್ಲಿ ಸಿಕ್ಕ ಕೈಗೊಡಲಿ

1863ರ ಮೇ 30. ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಕೆಂಪು ಗರಸಿನ ಗುಂಡಿಯೊಂದರಲ್ಲಿ ಚಕ್ಕೆ ಎಬ್ಬಿಸಿ ಚೂಪು ಮಾಡಿದ ಕಲ್ಲೊಂದು ಫೂಟ್ ಕೈಗೆ ಸಿಕ್ಕಿತು. ನೋಡಿದವರು ಬರೀ ಕಲ್ಲು ಅಂದುಕೊಂಡು ಎಸೆಯುವಂಥದ್ದು. ಭಾರತದಲ್ಲಿ ಹಳೆಯ ಶಿಲಾಯುಗದ ಮನುಷ್ಯ ಇದ್ದ ಎಂಬುದಕ್ಕೆ ಅದೇ ಮೊದಲ ಸಾಕ್ಷಿಯಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಜೊತೆ ಅತ್ತಿರಂಪಾಕ್ಕಂನಲ್ಲಿ ಮತ್ತಷ್ಟು ಆಯುಧಗಳನ್ನು ಕಂಡರು. ಆ ಜಾಗದ ಆಯುಧಗಳಿಗೆ ಸುಮಾರು 15 ಲಕ್ಷ ವರ್ಷ ವಯಸ್ಸು ಎಂದು 2011ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಕನ್ನಡ ನಾಡಿಗೂ ಫೂಟ್ ಋಣ ದೊಡ್ಡದು. ಗೋಕಾಕದ ಹತ್ತಿರ ಅಳಿದುಹೋದ ಘೇಂಡಾಮೃಗದ ಪಳೆಯುಳಿಕೆ ಪತ್ತೆ ಮಾಡಿ 1874ರಲ್ಲಿ ಅದಕ್ಕೆ ದಖ್ಖನ್ನಿನ ಹೆಸರನ್ನೇ ಇಟ್ಟರು. ಚಿನ್ನ, ಕಬ್ಬಿಣ ಹೊತ್ತ ಇಲ್ಲಿನ ಅತಿ ಹಳೆಯ ಶಿಲಾಪದರಗಳನ್ನು ಧಾರವಾಡದ ಹೆಸರಿನಿಂದ ಗುರುತಿಸಿದರು. ಭೂವಿಜ್ಞಾನ ಓದುವವರು ಎಲ್ಲೇ ಇರಲಿ, ಧಾರವಾಡದ ಹೆಸರು ಹೇಳಲೇಬೇಕು.

ರಾಕ್ಷಸನ ಬೂದಿಯೋ, ಸಗಣಿಯೋ?

ಬಳ್ಳಾರಿ ಪಕ್ಕದ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡದಲ್ಲಿ ನಯ ಮಾಡಿದ ಕಲ್ಲುಗೊಡಲಿಗಳು ರಾಶಿ ರಾಶಿ ಸಿಕ್ಕವು. ಅರ್ಧ ತಯಾರಾದವು, ಕೆಟ್ಟುಹೋದವು, ಚಕ್ಕೆಗಳು ಎಲ್ಲ ಒಂದೇ ಕಡೆ. ಇದು ಕೊಡಲಿ ತಯಾರಿಸುತ್ತಿದ್ದ ಕಾರ್ಖಾನೆ ಎಂದು ಫೂಟ್ ಗುರುತಿಸಿದರು.

ಈ ಸೀಮೆಯಲ್ಲಿ ಅಲ್ಲಲ್ಲಿ ಬೂದಿದಿಬ್ಬಗಳೂ ಇವೆ. ಕುಡತಿನಿಯದ್ದು ಭೀಮ ಕೊಂದ ಹಿಡಿಂಬಾಸುರನ ಬೂದಿ ಅಂತ, ಹಂಪಿ ಹತ್ತಿರದ ನಿಂಬಾಪುರದ್ದು ವಾಲಿಯನ್ನು ಸುಟ್ಟ ಜಾಗ ಅಂತ ಹಿರಿಯರು ಹೇಳ್ತಾ ಬಂದಿದ್ದಾರೆ. ಫೂಟ್ ಬೂದಿಯನ್ನು ಪರೀಕ್ಷೆ ಮಾಡಿಸಿದರು. ಅದು ಸುಟ್ಟ ದನದ ಸಗಣಿ! ಜೊತೆಯಲ್ಲಿ ಕಲ್ಲಿನ ಆಯುಧ, ಮಡಕೆ ಚೂರು. ಇವು ಶಿಲಾಯುಗದ ದನಗಾಹಿಗಳ ದೊಡ್ಡಿ ಇದ್ದ ಜಾಗಗಳು ಅಂತ ಅವರು ತೀರ್ಮಾನಿಸಿದರು.

ಎಲ್ಲರೂ ಒಪ್ಪಲಿಲ್ಲ. ಹೆಣ ಸುಟ್ಟ, ಬಲಿ ಕೊಟ್ಟ ಜಾಗ ಅಂದರು ಕೆಲವರು. ಕಬ್ಬಿಣ ಕರಗಿಸಿದ ಕಿಟ್ಟ ಅಂದರು ಇನ್ನು ಕೆಲವರು. ವಾದ ಮುಗಿಯುವ ಮೊದಲೇ, 1912ರ ಡಿಸೆಂಬರ್ 29ರಂದು ಫೂಟ್ ಕಲ್ಕತ್ತೆಯಲ್ಲಿ ತೀರಿಕೊಂಡರು.

ಫೂಟ್ ಮಾತಿಗೆ ಗಟ್ಟಿ ಆಧಾರ ಸಿಕ್ಕಿದ್ದು 45 ವರ್ಷದ ನಂತರ, ಅದೂ ಗಡಿನಾಡಿನಲ್ಲೇ. 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ಇಂದಿನ ತೆಲಂಗಾಣದ ಮಖ್ತಲ್ ಕಡೆಯ ಉಟ್ನೂರು ಬೂದಿದಿಬ್ಬ ಅಗೆದರು. ದೊಡ್ಡಿಗೆ ಬೇಲಿ ನೆಟ್ಟ ಗೂಟದ ಕುಳಿಗಳು ಕಂಡವು. ದನಗಳ ಗೊರಸಿನ ಗುರುತೂ ಬೂದಿಯಲ್ಲಿ ಅಚ್ಚೊತ್ತಿದಂತೆ ಉಳಿದಿತ್ತು. ನಾಲ್ಕೈದು ಸಾವಿರ ವರ್ಷದ ಹಿಂದೆ ಇಲ್ಲಿ ದನ ಕಟ್ಟಿ ಬಾಳಿದವರ ಕಥೆ ರುಜುವಾತಾಯಿತು.

ನಿವೃತ್ತಿಯಾದರೂ ಬಿಡುವಿಲ್ಲ

1891ರಲ್ಲಿ ಫೂಟ್ ನಿವೃತ್ತರಾದಾಗ 33 ವರ್ಷ ಸೇವೆಯಾಗಿತ್ತು. ಆಮೇಲೂ ಸುಮ್ಮನೆ ಕೂರಲಿಲ್ಲ. ಬರೋಡ ಸಂಸ್ಥಾನಕ್ಕೆ ದುಡಿದರು. 1894ರಲ್ಲಿ ಶುರುವಾದ ಮೈಸೂರು ಭೂವಿಜ್ಞಾನ ಇಲಾಖೆಗೂ ಅವರೇ ಮೊದಲ ಮುಖ್ಯಸ್ಥರು. ಅವರು ಗುರುತಿಸಿದ ಪ್ರಾಚೀನ ನೆಲೆಗಳು ನಾಲ್ಕು ನೂರಕ್ಕೂ ಹೆಚ್ಚು. ಕೂಡಿಟ್ಟ ವಸ್ತುಗಳನ್ನು 1904ರಲ್ಲಿ ಮದರಾಸು ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಬಳ್ಳಾರಿಯ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಈಗ ಫೂಟ್ ಹೆಸರನ್ನೇ ಇಡಲಾಗಿದೆ.

ಆದರೆ ಅವರು ಕಂಡ ಜಾಗಗಳಲ್ಲಿ ಎಲ್ಲವೂ ಉಳಿದಿಲ್ಲ. ಕುಪ್ಪಗಲ್ಲು ಗುಡ್ಡಕ್ಕೆ ಕಲ್ಲು ಗಣಿಗಾರಿಕೆಯ ಪೆಟ್ಟು ಬಿದ್ದಿದೆ. ಹಲವು ದಿಬ್ಬಗಳ ಬೂದಿ ಗೊಬ್ಬರವಾಗಿ ಹೊಲ ಸೇರಿದೆ. ಕಳೆದುಹೋದದ್ದಕ್ಕೆ ಫೂಟ್ ಬರಹವೇ ಉಳಿದ ದಾಖಲೆ. ಉಳಿದದ್ದನ್ನು ಕಾಯಬೇಕಾದವರು ಮಾತ್ರ ಗಡಿಯ ಆಚೆ ಈಚೆ ಇರುವ ಊರಿನವರೇ.