ಗಣನಾಯಿಕೆ ಅಕ್ಕನಾಗಮ್ಮನವರ ಚರಿತ್ರೆ

ಶ್ರೀ ಬಸವೇಶ್ವರರ ಅಕ್ಕನೆಂದೂ ಶ್ರೀ ಚೆನ್ನಬಸವೇಶ್ವರರ ತಾಯಿಯೆಂದೂ ನಾಗಲಾಂಬಿಕೆಯವರ ಹೆಸರು ಶಿವಭಕ್ತರಲ್ಲಿ ಸರ್ವವಿದಿತವಾಗಿರುತ್ತದೆ. ಹಗಲಿನಲ್ಲಿ ನಕ್ಷತ್ರವು ಕಾಣದಂತೆ, ಆ ಇಬ್ಬರು ಮಹಾಮಹಿಮರ ತೇಜಸ್ಸಿನಲ್ಲಿ ಈ ತಾಯಿಯ ಸ್ವಂತ ಚರಿತ್ರೆಯು ಮರೆಯಾಗಿ ನಿಂತಿತು. ಆದರೆ ಕಲ್ಯಾಣವು ಕೆಟ್ಟ ಮೇಲೆ, ಯೌವನವು ಹಿಂದಾಗಿ, ಬೆಳೆದ ಮಗನ ತಾಯಿಯಾಗಿದ್ದ ವಯಸ್ಸಿನಲ್ಲಿ, ಚದುರಿದ ಶರಣಗಣಕ್ಕೆ ಗುರುಸ್ಥಾನದಲ್ಲಿ ನಿಂತು ದಾರಿ ತೋರಿಸಿದವರು ಅವರೇ. ಆ ಸ್ಥಾನಕ್ಕೆ ಅವರನ್ನು ಯಾರೂ ಪಟ್ಟಗಟ್ಟಿ ಕೂಡಿಸಲಿಲ್ಲ. ಅರ್ಧ ಆಯುಷ್ಯದ ದಾಸೋಹವೇ ಅವರಿಗೆ ದೊರೆತ ಪಟ್ಟಾಭಿಷೇಕವಾಗಿತ್ತು.

ಬಾಗೇವಾಡಿಯ ಮಾದರಸ, ಮಾದಲಾಂಬಿಕೆಯರೆಂಬ ದಂಪತಿಗಳು ಅವರ ತಾಯಿತಂದೆಗಳು. 1260ನೆಯ ಇಸವಿಯ ಅರ್ಜುನವಾಡದ ಶಿಲಾಶಾಸನವೂ ಬಸವರಾಜರನ್ನು ಬಾಗೇವಾಡಿಯ ಮಾದಿರಾಜನ ಮಗನೆಂದು ಹೆಸರಿಸುತ್ತದೆ. ತಮ್ಮನಿಗೆ ಉಪನಯನ ಮಾಡಲು ಹಿರಿಯರು ಮುಂದಾದಾಗ, ತನಗಿಂತ ಹಿರಿಯಳಾದ ಅಕ್ಕನಿಗೆ ಇಲ್ಲದ ಸಂಸ್ಕಾರವು ತನಗೇಕೆಂದು ಬಾಲಬಸವಣ್ಣನು ಕೇಳಿದನೆಂಬ ಕಥೆಯು ನಾಡಿನಲ್ಲಿ ಮನೆಮನೆಗೂ ತಿಳಿದದ್ದು. ಶರಣಧರ್ಮದ ಮೊದಲನೆಯ ಪ್ರಶ್ನೆಯು ಒಬ್ಬ ಅಕ್ಕನನ್ನು ನೋಡಿ ಹುಟ್ಟಿತೆಂದು ಜನರು ನಂಬಿಕೊಂಡು ಬಂದಿರುವದು ಅರ್ಥವಿಲ್ಲದ ಮಾತಲ್ಲ.

ಆ ಬಳಿಕ ಬಸವಣ್ಣನವರು ಮನೆಯನ್ನು ತೊರೆದು, ಕೃಷ್ಣಾ ಮಲಾಪಹಾರಿಗಳು ಕೂಡುವ ಕೂಡಲಸಂಗಮಕ್ಕೆ ಹೋದಾಗ ಅಕ್ಕನವರೂ ಜೊತೆಗೆ ಹೋದರೆಂದು ಪುರಾಣಗಳು ಹೇಳುತ್ತವೆ. ಶಿವಸ್ವಾಮಿಗಳೆಂಬ ಶಿವಭಕ್ತರು ಅವರ ಪತಿಗಳು. ತಾಯಿತಂದೆಗಳ ಆಸರೆಯನ್ನು ಬಿಟ್ಟು ಬಂದ ತಮ್ಮನಿಗೆ ಅಲ್ಲಿ ಅನ್ನವನ್ನಿಕ್ಕಿ, ಓದಿಗೆ ಅನುಕೂಲ ಮಾಡಿಕೊಟ್ಟು, ತಾಯಿಯ ಸ್ಥಾನದಲ್ಲಿ ನಿಂತವರು ಅಕ್ಕನವರೇ. ಅವರ ಪುಣ್ಯಗರ್ಭದಲ್ಲಿ ಚೆನ್ನಬಸವಣ್ಣನವರು ಅವತರಿಸಿದ್ದನ್ನು ಪ್ರಸಾದಮಹಿಮೆಯ ಫಲವೆಂದು ಪುರಾಣಕಾರರು ಕೊಂಡಾಡಿದ್ದಾರೆ.

ಬಸವಣ್ಣನವರು ಮಂಗಳವೇಡೆಯಲ್ಲಿ ಕರಣಿಕರಾಗಿ, ಮುಂದೆ ಕಳಚುರಿ ಬಿಜ್ಜಳನ ಭಂಡಾರದ ಅಧಿಕಾರವನ್ನು ಹೊತ್ತು ಕಲ್ಯಾಣಕ್ಕೆ ಬಂದಾಗ, ಅಕ್ಕನವರ ಕಾರ್ಯಕ್ಷೇತ್ರವು ಮಹಾಮನೆಯಾಯಿತು. ಅಲ್ಲಿ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹವು ನಡೆಯುತ್ತಿತ್ತೆಂದು ಪರಂಪರೆಯು ಎಣಿಸುತ್ತದೆ. ಕಾಶ್ಮೀರದಿಂದ ಬಂದ ಅರಸನೂ ಚರ್ಮದ ಕಾಯಕದ ಶರಣನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಮನೆಯದು. ಬಸವಣ್ಣನವರು ಅರಮನೆಯಲ್ಲಿರುವಾಗ ಆ ಮನೆಯ ಭಾರವನ್ನು ಗಂಗಾಂಬಿಕೆ, ನೀಲಾಂಬಿಕೆಯರೊಡನೆ ಅಕ್ಕನವರು ಹೊತ್ತರು. ಬಂದವರ ಕುಲವನ್ನು ಕೇಳದೆ ಹಸಿವೆಯನ್ನು ಕೇಳುವದು ಆ ಮನೆಯ ಮರ್ಯಾದೆಯಾಗಿತ್ತು. ಸಾವಿರ ಜನರನ್ನು ಬೇಸರವಿಲ್ಲದೆ ಸಂತೈಸುವದು, ಕಡಿಮೆಯಾದಾಗ ಹಂಚಿ ಉಣ್ಣಿಸುವದು, ಸಿಟ್ಟಾದವರನ್ನು ಸಮಾಧಾನಪಡಿಸುವದು, ಇವನ್ನು ಅವರು ಅಲ್ಲಿಯೇ ಕಲಿತರು. ಗಣವನ್ನು ನಡೆಯಿಸುವ ವಿದ್ಯೆಯು ಇದಕ್ಕಿಂತ ಬೇರೆಯಾದದ್ದಲ್ಲ. ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಅಕ್ಕನಾಗಮ್ಮನ ಗವಿಯೆಂಬ ಸ್ಥಾನವನ್ನು ಭಕ್ತರು ಇಂದಿಗೂ ದರ್ಶಿಸುತ್ತಾರೆ.

ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಲಗ್ನವಾದದ್ದು ಕಲ್ಯಾಣದ ಕುಲಾಭಿಮಾನಿಗಳಿಗೆ ಸಹನವಾಗಲಿಲ್ಲ. ಆ ಇಬ್ಬರು ಶರಣರಿಗೆ ಘೋರಶಿಕ್ಷೆಯಾಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿ ಲಿಂಗೈಕ್ಯರಾದರು. 1167-68ರ ಸುಮಾರಿಗೆ ಬಿಜ್ಜಳನ ಆಳಿಕೆಯು ಮುಗಿದು, ಅವನ ಮಗ ಸೋವಿದೇವನ ಕಾಲವು ಮೊದಲಾಯಿತು. ಪ್ರಭುದೇವರೂ ಅಕ್ಕಮಹಾದೇವಿಯವರೂ ಶ್ರೀಶೈಲದ ಕಡೆಗೆ ಹೋಗಿದ್ದರು. ನೀಲಾಂಬಿಕೆಯವರು ಕೃಷ್ಣಾತೀರದ ತಂಗಡಗಿಯಲ್ಲಿ ಲಿಂಗದಲ್ಲಿ ಬೆರೆದರು. ಹಿರಿಯರೆನ್ನುವವರು ಒಬ್ಬೊಬ್ಬರಾಗಿ ಮರೆಯಾದ ಆ ಕತ್ತಲೆಯಲ್ಲಿ, ಉಳಿದ ಶರಣರು ಮುಖವೆತ್ತಿ ನೋಡಿದ್ದು ಅಕ್ಕನವರನ್ನು. ಅಲ್ಲಿಯ ವರೆಗೆ ಉಣ್ಣಲಿಕ್ಕಿದ ಕೈಯನ್ನೇ ಅವರು ಈಗ ದಾರಿಗಾಗಿ ಹಿಡಿದರು.

ಚೆನ್ನಬಸವಣ್ಣನವರು ಜ್ಞಾನದಲ್ಲಿ ಹಿರಿಯರಾದರೂ ವಯಸ್ಸಿನಲ್ಲಿ ಕಿರಿಯರು. ಅವರ ಪಕ್ಕದಲ್ಲಿ ತಾಯಿಯವರು ನಿಂತರು. ಹೆಂಗಸರು, ಮಕ್ಕಳು, ಮುದುಕರು, ಗಾಯಗೊಂಡವರು, ಇವರೊಡನೆ ವಚನಗಳ ತಾಳೆಗರಿಯ ಕಟ್ಟುಗಳು, ಇಷ್ಟನ್ನು ಕಾಪಾಡಿಕೊಂಡು ಶರಣರ ದಂಡು ಪಡುವಣ ದಿಕ್ಕಿಗೆ ನಡೆಯಿತು. ಬೆನ್ನಟ್ಟಿದ ರಾಜಸೈನ್ಯವನ್ನು ಮಡಿವಾಳ ಮಾಚಿದೇವರೇ ಮೊದಲಾದ ವೀರಶರಣರು ತಡೆದರೆಂದೂ, ಕಾದರವಳ್ಳಿಯಲ್ಲಿ ಕಾಳಗವಾಯಿತೆಂದೂ ಪರಂಪರೆಯು ಹೇಳುವದು. ಮಲಪ್ರಭೆಯ ದಂಡೆಯ ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯವರು ಐಕ್ಯರಾದರು. ಖಾನಾಪುರ ಸೀಮೆಯ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರು ನಿಂತುಬಿಟ್ಟರು. ಒಂದೊಂದು ಊರಿನಲ್ಲಿಯೂ ಒಬ್ಬೊಬ್ಬ ಆಪ್ತರನ್ನು ಮಣ್ಣಿಗೆ ಒಪ್ಪಿಸಿ ಮುಂದೆ ಸಾಗಬೇಕಾದ ಪ್ರಯಾಣವದು. ಅತ್ತವರನ್ನು ಸಂತೈಸುವ ಕೆಲಸವು, ಎಲ್ಲರಿಗಿಂತ ಹೆಚ್ಚು ಕಳೆದುಕೊಂಡ ಅಕ್ಕನವರದೇ ಆಯಿತು.

ದಟ್ಟವಾದ ಅಡವಿಯ ನಡುವೆ ಉಳವಿಯನ್ನು ಸೇರಿದ ಮೇಲೆ ಶರಣರಿಗೆ ಕೆಲಕಾಲ ನೆಮ್ಮದಿಯು ದೊರೆಯಿತು. ಮಹಾಮನೆಯೆಂಬ ಹೆಸರನ್ನೇ ಅಲ್ಲಿಯ ಒಂದು ಗವಿಗೆ ಇಟ್ಟಿರುವದನ್ನು ನೋಡಿದರೆ, ಕಲ್ಯಾಣದ ದಾಸೋಹವು ಕಾಡಿನಲ್ಲಿಯೂ ನಿಲ್ಲಲಿಲ್ಲವೆಂದು ಭಕ್ತರ ಮನಸ್ಸಿಗೆ ತೋರುವದು ಸಹಜ. ಅಲ್ಲಿ ಅಕ್ಕನಾಗಮ್ಮನವರ ಹೆಸರಿನ ಗವಿಯೂ ಇದೆ. ಆದರೆ ಉಳವಿಯಲ್ಲಿಯೇ ಚೆನ್ನಬಸವಣ್ಣನವರು ಇನ್ನೂ ತರುಣರಾಗಿರುವಾಗಲೇ ಲಿಂಗೈಕ್ಯರಾದರು. ತಮ್ಮನನ್ನು ಕಳೆದುಕೊಂಡ ದುಃಖವು ಆರುವದರೊಳಗೆ ಮಗನ ಸಮಾಧಿಯನ್ನು ಕಾಣಬೇಕಾಯಿತು.

ಯಾವ ತಾಯಿಯಾದರೂ ಆ ಸಮಾಧಿಯ ಬಳಿಯಲ್ಲಿಯೇ ಉಳಿದ ದಿನಗಳನ್ನು ಕಳೆಯಬಯಸುವದು ಲೋಕರೂಢಿ. ಹಾಗೆ ಮಾಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅಕ್ಕನವರು ಮಾತ್ರ ತಮ್ಮ ಜೊತೆಗಿದ್ದ ಶರಣರನ್ನು ಕರೆದುಕೊಂಡು ಮತ್ತೆ ದಾರಿ ಹಿಡಿದರು. ಮಗನಿಗಾಗಿ ಹೊತ್ತ ಭಾರವಾಗಿದ್ದರೆ ಅದು ಉಳವಿಯಲ್ಲಿ ಇಳಿಯಬೇಕಾಗಿತ್ತು. ಅವರು ಹೊತ್ತದ್ದು ಗಣದ ಭಾರ. ಊರೂರುಗಳಲ್ಲಿ ಶರಣತತ್ವವನ್ನು ಬಿತ್ತುತ್ತ ತೆಂಕಣ ದಿಕ್ಕಿಗೆ ನಡೆದು, ಕಡೆಗೆ ತರೀಕೆರೆಯ ಹತ್ತಿರದ ಎಣ್ಣೆಹೊಳೆಯ ತೀರದಲ್ಲಿ ಅವರು ಲಿಂಗದಲ್ಲಿ ಬೆರೆದರೆಂದು ಪರಂಪರೆಯು ನುಡಿಯುತ್ತದೆ. ಬಾಗೇವಾಡಿಯಿಂದ ಸಂಗಮಕ್ಕೆ, ಸಂಗಮದಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಉಳವಿಗೆ, ಉಳವಿಯಿಂದ ಮಲೆನಾಡಿನ ಅಂಚಿಗೆ, ಹೀಗೆ ಕನ್ನಡನಾಡಿನ ಬಹುಭಾಗವನ್ನು ಅವರ ಪಾದಗಳು ಅಳೆದವು.

ಅಕ್ಕನವರು ವಚನಕಾರ್ತಿಯರೂ ಅಹುದು. ಬಸವಣ್ಣಪ್ರಿಯ ಚೆನ್ನಸಂಗಯ್ಯನೆಂಬ ಅಂಕಿತದಲ್ಲಿ ಅವರ 15ರ ಸುಮಾರು ವಚನಗಳು ಉಳಿದುಬಂದಿವೆ. ಬಸವಣ್ಣನವರ ಮಹಿಮೆಯೂ ಅವರ ಅಗಲಿಕೆಯ ಕಳವಳವೂ ಅವುಗಳಲ್ಲಿ ಎದ್ದುಕಾಣುತ್ತವೆ. ತಾವು ಎತ್ತಿ ಆಡಿಸಿದ ತಮ್ಮನನ್ನೇ ಅಲ್ಲಿ ಅವರು ಗುರುವೆಂದು ಭಾವಿಸಿದ್ದಾರೆ. ಸ್ವಂತ ಹಿರಿಯತನವನ್ನು ಇಷ್ಟು ಸಹಜವಾಗಿ ಮರೆತವರೇ ಹಿರಿಯ ಪದವಿಗೆ ಯೋಗ್ಯರಾಗುತ್ತಾರೆ.

ಶರಣರು ಹೀಗೆ ಕಾಪಾಡಿದ ವಚನಗಳ ಕಟ್ಟುಗಳು ಮುಂದೆ ಮಠಗಳ ಮಾಡಗಳಲ್ಲಿಯೂ ಭಕ್ತರ ಜಗುಲಿಗಳಲ್ಲಿಯೂ ಪೂಜೆಗೊಳ್ಳುತ್ತ ಉಳಿದವು. ಧಾರವಾಡದಲ್ಲಿ ಜನಿಸಿ ವಿಜಾಪುರದಲ್ಲಿ ನೆಲಸಿದ ಫ. ಗು. ಹಳಕಟ್ಟಿಯವರು ಅಂಥ ಪ್ರತಿಗಳನ್ನು ಊರೂರು ಅಲೆದು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದರು. ಅಡವಿಯ ದಾರಿಯಲ್ಲಿ ಕಟ್ಟನ್ನು ಹೊತ್ತವರ ಶ್ರಮವು ಏಳು ನೂರು ವರ್ಷಗಳು ಕಳೆದ ಮೇಲೆ ಹೀಗೆ ಫಲವಾಯಿತು. 1970ರಲ್ಲಿ ಧಾರವಾಡದಲ್ಲಿ ಮಹಿಳೆಯೊಬ್ಬರು ಜಗದ್ಗುರುಪೀಠವನ್ನೇರಿದಾಗ ಅನೇಕರಿಗೆ ಅದು ಹೊಸತೆನಿಸಿತು. ಅಕ್ಕನಾಗಮ್ಮನವರ ಚರಿತ್ರೆಯನ್ನು ಬಲ್ಲವರಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ.

ಬಮ್ಮಿಗಟ್ಟಿ, ಕಲಘಟಗಿಗಳ ಈ ಸೀಮೆಗೆ ಉಳವಿಯು ಪಡುವಣದ ಕ್ಷೇತ್ರ. ಮಾಘಮಾಸದಲ್ಲಿ ಭಾರತ ಹುಣ್ಣಿವೆಯ ಸುಮಾರಿಗೆ ನಡೆಯುವ ಅಲ್ಲಿಯ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಗಳ ಒಕ್ಕಲುಮಕ್ಕಳು ಚಕ್ಕಡಿಗಳನ್ನು ಹೂಡಿಕೊಂಡು ಹೋಗುವ ರೂಢಿಯು ಹಿಂದಿನಿಂದ ನಡೆದು ಬಂದಿದೆ. ಎತ್ತುಗಳ ಕೊರಳಗಂಟೆಗಳು ಅಡವಿಯಲ್ಲಿ ಮೊಳಗುವಾಗ ಭಕ್ತರು ಚೆನ್ನಬಸವೇಶ್ವರರ ಜಯಘೋಷವನ್ನು ಮಾಡುತ್ತಾರೆ. ಅದೇ ದಾರಿಯನ್ನು ಮೊದಲು ಕಾಲ್ನಡಿಗೆಯಿಂದ ಸವೆಸಿದ ತಾಯಿಯನ್ನೂ ಆಗ ನೆನೆಯುವದು ಧರ್ಮ. ಮಠದ ಅಡಿಗೆಮನೆಯಲ್ಲಿ ಸೌಟು ಹಿಡಿದ ಶರಣೆಯರ ಸೇವೆಯು ಸಣ್ಣದೆಂದು ಯಾರಿಗಾದರೂ ತೋರಿದರೆ, ಮಹಾಮನೆಯಿಂದ ಎಣ್ಣೆಹೊಳೆಯ ವರೆಗಿನ ಈ ಪುಣ್ಯಚರಿತ್ರೆಯನ್ನು ಅವರು ಒಮ್ಮೆ ಸ್ಮರಿಸಬೇಕು. ಅನ್ನವನ್ನಿಕ್ಕಿದ ಕೈಯೇ ಆಪತ್ಕಾಲದಲ್ಲಿ ಗಣವನ್ನು ಎತ್ತಿ ಹಿಡಿಯಿತು.