ಜೌಗುನಾಡಿನ ಛಾಯಾಗ್ರಾಹಕ ಪೀಟರ್ ಹೆನ್ರಿ ಎಮರ್ಸನ್

ಎಮರ್ಸನ್ ಎಂದೊಡನೆ ನಮ್ಮಲ್ಲಿ ಓದುಬರಹ ಬಲ್ಲವರಿಗೆ ನೆನಪಾಗುವವನು ಅಮೆರಿಕದ ಪ್ರಬಂಧಕಾರ ರಾಲ್ಫ್ ವಾಲ್ಡೊ ಎಮರ್ಸನ್. ಆತನಿಗೆ ದೂರದ ಬಂಧುವಾದ ಇನ್ನೊಬ್ಬ ಎಮರ್ಸನ್ ಇದ್ದ. ಛಾಯಾಚಿತ್ರದ ಇತಿಹಾಸವನ್ನು ಬಲ್ಲವರಲ್ಲಿ ಈ ಎರಡನೆಯವನ ಹೆಸರೂ ಸಣ್ಣದಲ್ಲ. ಇಂಗ್ಲೆಂಡಿನ ಪೂರ್ವಭಾಗದ ಜೌಗುನೆಲದಲ್ಲಿ ಜೊಂಡು ಕೊಯ್ಯುವವರು, ಮೀನು ಹಿಡಿಯುವವರು, ಹುಲ್ಲು ಹೊರುವವರು, ಇವರನ್ನು ಇದ್ದಂತೆಯೇ ತೋರಿಸಬೇಕೆಂದು ಹೊರಟವನು ಈ ಪೀಟರ್ ಹೆನ್ರಿ ಎಮರ್ಸನ್. ಛಾಯಾಚಿತ್ರವೂ ಒಂದು ಕಲೆಯೆಂದು ಆತ ಲೋಕದೊಡನೆ ಜಗಳವಾಡಿದ, ಅನೇಕರನ್ನು ಒಪ್ಪಿಸಿದ, ಒಪ್ಪಿಸಿದ ಮೇಲೆ ಅದು ಕಲೆಯಲ್ಲವೆಂದು ತಾನೇ ಸಾರಿದ. ಇಂಥವನ ಬದುಕಿನಲ್ಲಿ ನಾವು ನಂಬಬೇಕಾದದ್ದು ಮೊದಲ ಮಾತನ್ನೋ ಕೊನೆಯ ಮಾತನ್ನೋ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ಆತನ ಕಥೆಯನ್ನು ಮೊದಲಿನಿಂದ ಹೇಳಿದರೆ ಉತ್ತರವೂ ಅದರೊಳಗೇ ಸಿಕ್ಕೀತೆಂದು ನನ್ನ ಭಾವನೆ.

ಎಮರ್ಸನ್ ಹುಟ್ಟಿದ್ದು ೧೮೫೬ರ ಮೇ ೧೩ರಂದು, ಕ್ಯೂಬಾ ದ್ವೀಪದ ಕಬ್ಬಿನ ತೋಟವೊಂದರಲ್ಲಿ. ತಂದೆ ಅಮೆರಿಕದವನು, ತಾಯಿ ಇಂಗ್ಲೆಂಡಿನವಳು. ಬಾಲ್ಯದಲ್ಲಿಯೇ ತಂದೆ ತೀರಿಕೊಂಡನು. ೧೮೬೯ರಲ್ಲಿ ಹುಡುಗ ತಾಯಿಯೊಡನೆ ಇಂಗ್ಲೆಂಡಿಗೆ ಬಂದು ನೆಲೆಸಿದ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿಯೂ ಕೇಂಬ್ರಿಜ್‌ನ ಕ್ಲೇರ್ ಕಾಲೇಜಿನಲ್ಲಿಯೂ ವೈದ್ಯವಿದ್ಯೆಯನ್ನು ಕಲಿತು ೧೮೮೫ರಲ್ಲಿ ಪದವಿ ಪಡೆದ. ಓದಿನಲ್ಲಿ ಚುರುಕು, ಮಾತಿನಲ್ಲಿ ಖಾರ. ಹಕ್ಕಿಗಳನ್ನು ನೋಡುವುದು ಆತನ ಹವ್ಯಾಸ. ೧೮೮೨ರ ಸುಮಾರಿಗೆ ಮೊದಲ ಕ್ಯಾಮರಾ ಕೊಂಡದ್ದು ಅದಕ್ಕಾಗಿಯೇ. ಆದರೆ ಹಕ್ಕಿಯನ್ನು ಅರಸಿ ಹೋದವನ ಕಣ್ಣು ಹಕ್ಕಿ ಕುಳಿತ ಜೊಂಡಿನ ಮೇಲೂ, ಜೊಂಡನ್ನು ಕೊಯ್ಯುತ್ತಿದ್ದ ಮನುಷ್ಯನ ಮೇಲೂ ನಿಂತುಬಿಟ್ಟಿತು. ೧೮೮೬ರಲ್ಲಿ ಆತ ವೈದ್ಯವೃತ್ತಿಯನ್ನು ಬಿಟ್ಟ. ಮನೆಯಲ್ಲಿ ಅನುಕೂಲವಿದ್ದುದರಿಂದ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ. ಛಾಯಾಚಿತ್ರವನ್ನು ಆತ ಜೀವನೋಪಾಯ ಮಾಡಿಕೊಳ್ಳಲಿಲ್ಲ. ಕೊನೆಯವರೆಗೂ ಹವ್ಯಾಸಿಯಾಗಿಯೇ ಉಳಿದ.

ನಾರ್ಫೋಕ್ ಮತ್ತು ಸಫೋಕ್ ಸೀಮೆಗಳಲ್ಲಿ ಹರಡಿಕೊಂಡಿರುವ ಬ್ರಾಡ್ಸ್ ಎಂಬ ಪ್ರದೇಶ ವಿಚಿತ್ರವಾದದ್ದು. ಆಳವಿಲ್ಲದ ಸರೋವರಗಳು, ಅವನ್ನು ಹೆಣೆಯುವ ನಿಧಾನದ ನದಿಗಳು, ದಡದುದ್ದಕ್ಕೂ ಜೊಂಡು, ನೀರೆತ್ತುವ ಗಾಳಿಯಂತ್ರಗಳು, ಇವೆಲ್ಲದರ ಮೇಲೆ ಬಹು ವಿಶಾಲವಾದ ಆಕಾಶ. ಬೆಟ್ಟವಿಲ್ಲ, ಜಲಪಾತವಿಲ್ಲ, ಕಣ್ಣಿಗೆ ಬೆರಗು ಹುಟ್ಟಿಸುವಂಥದು ಯಾವುದೂ ಇಲ್ಲ. ಇಲ್ಲಿಗೆ ಬಂದ ಎಮರ್ಸನ್‌ಗೆ ಟಿ. ಎಫ್. ಗುಡಾಲ್ ಎಂಬ ವರ್ಣಚಿತ್ರಕಾರನ ಸ್ನೇಹ ದೊರೆಯಿತು. ಇಬ್ಬರೂ ದೋಣಿಯಲ್ಲಿ ತಿರುಗಿದರು, ಜನರೊಡನೆ ಕಲೆತರು, ಬೆಳಕು ಕೂಡಿಬರುವ ಗಳಿಗೆಗಾಗಿ ಕಾದರು. ಆ ಸ್ನೇಹದ ಫಲವಾಗಿ ಬಂದದ್ದು ನಾರ್ಫೋಕ್ ಬ್ರಾಡ್ಸಿನ ಬದುಕನ್ನೂ ಭೂದೃಶ್ಯವನ್ನೂ ಕುರಿತ, ೧೮೮೬ರ ಇಸವಿಯನ್ನು ಹೊತ್ತ ದೊಡ್ಡ ಗ್ರಂಥ. ಅದರಲ್ಲಿ ಪ್ಲಾಟಿನಮ್ ಕಾಗದದ ಮೇಲೆ ಮೂಡಿಸಿದ ೪೦ ಚಿತ್ರಗಳಿವೆ.

ಆ ಚಿತ್ರಗಳ ಹೊಸತನ ತಿಳಿಯಬೇಕಾದರೆ ಅಂದಿನ ಪದ್ಧತಿಯನ್ನು ನೆನೆಯಬೇಕು. ಆಗ ಛಾಯಾಚಿತ್ರಕಾರರಿಗೆ ಗುರುಸ್ಥಾನದಲ್ಲಿದ್ದವನು ಹೆನ್ರಿ ಪೀಚ್ ರಾಬಿನ್ಸನ್. ಹಲವು ನೆಗೆಟಿವ್‌ಗಳಿಂದ ತುಣುಕುಗಳನ್ನು ಆಯ್ದು ಒಂದೇ ಚಿತ್ರವಾಗಿ ಜೋಡಿಸುವುದರಲ್ಲಿ ಆತ ಪ್ರವೀಣ. ೧೮೫೮ರಲ್ಲಿ ಆತ ಮಾಡಿದ, ಸಾಯುತ್ತಿರುವ ಹುಡುಗಿಯೊಬ್ಬಳ ಹೆಸರಾಂತ ಚಿತ್ರ ಐದು ನೆಗೆಟಿವ್‌ಗಳ ಜೋಡಣೆ. ಹಳ್ಳಿಯ ಹುಡುಗಿ ಬೇಕಾದರೆ ಪರಿಚಯದ ಪಟ್ಟಣಿಗ ಹೆಣ್ಣುಮಕ್ಕಳಿಗೆ ಹಳ್ಳಿಯ ಉಡುಪು ತೊಡಿಸಿ ನಿಲ್ಲಿಸುವುದೇ ಮೇಲೆಂದು ರಾಬಿನ್ಸನ್ ತಿಳಿದಿದ್ದ. ನಿಜವಾದ ಹಳ್ಳಿಯವರಿಗೆ ಕ್ಯಾಮರಾದ ಮುಂದೆ ನಿಲ್ಲಲು ಬಾರದೆಂಬುದು ಆತನ ಅನುಭವ. ಎಮರ್ಸನ್‌ಗೆ ಇದು ಸಹಿಸಲಿಲ್ಲ. ವೇಷ ಹಾಕಿದ ಹಳ್ಳಿ ಹಳ್ಳಿಯಲ್ಲ, ಹೊಲಿದು ಜೋಡಿಸಿದ ಪ್ರಕೃತಿ ಪ್ರಕೃತಿಯಲ್ಲ ಎಂಬುದು ಆತನ ವಾದ. ನೆಗೆಟಿವ್‌ನ ಮೇಲೆ ಕುಂಚವಾಡಿಸಿ ತಿದ್ದುವುದನ್ನು ಆತ ಬಹು ಕಟುವಾಗಿ ಖಂಡಿಸಿದ. ಊರಿಗೆ ಹೋಗಬೇಕು, ಅಲ್ಲಿ ಇರಬೇಕು, ಅಲ್ಲಿಯ ಜನರನ್ನು ಅರಿಯಬೇಕು, ಚಿತ್ರ ಆಮೇಲೆ.

ಆತನ ಅತ್ಯಂತ ಪ್ರಸಿದ್ಧವಾದ ಚಿತ್ರವನ್ನೇ ನೋಡಿ. ನಿಶ್ಚಲವಾದ ನೀರಿನ ಮೇಲೆ ಒಂದು ದೋಣಿ. ಗಂಡಸು ಹುಟ್ಟು ಹಿಡಿದಿದ್ದಾನೆ, ಹೆಂಗಸು ಬಾಗಿ ನೈದಿಲೆಯನ್ನು ಕೀಳುತ್ತಿದ್ದಾಳೆ. ಮೊದಲ ನೋಟಕ್ಕೆ ಇದೊಂದು ಜಲವಿಹಾರ. ಆದರೆ ಆ ಸೀಮೆಯ ಬೆಸ್ತರು ಬಲೆಯೊಳಗೆ ಹೊಳೆಯುವ ಹೂಗಳನ್ನಿಟ್ಟು ಮೀನನ್ನು ಸೆಳೆಯುತ್ತಿದ್ದರೆಂಬುದನ್ನು ತಿಳಿದ ಮೇಲೆ, ಅದೇ ಕೈ, ಅದೇ ಹೂವು ಬೇರೆಯಾಗಿ ಕಾಣುತ್ತವೆ. ಚೆಲುವೆಂದು ನಾವು ಕಂಡದ್ದು ಅವರಿಗೆ ದಿನದ ಕೆಲಸ. ಇನ್ನೊಂದು ಚಿತ್ರದಲ್ಲಿ ಕೊಯ್ದ ಜೌಗುಹುಲ್ಲಿನ ಹೊರೆಯನ್ನು ಕೋಲುಗಳ ಮೇಲೆ ಹೊತ್ತು ಸಾಗಿಸುತ್ತಿದ್ದಾರೆ; ಮತ್ತೊಂದರಲ್ಲಿ ಜೊಂಡಿನ ಕಂತೆಗಳನ್ನು ಬಣವೆ ಒಟ್ಟುತ್ತಿದ್ದಾರೆ. ಪ್ಲಾಟಿನಮ್ ಕಾಗದ ಕಪ್ಪುಬಿಳುಪುಗಳ ನಡುವಣ ಬೂದುಬಣ್ಣಗಳನ್ನು ಬಹು ನವುರಾಗಿ ಹಿಡಿಯುತ್ತದೆ. ಮಂಜು, ನೀರು, ಮೋಡ ಕವಿದ ಬಾನು, ಇವು ಆ ನಾಡಿನ ಬಣ್ಣಗಳೇ ಆಗಿದ್ದವು. ಕಣ ಮಾಡಿ ಬಣವೆ ಒಟ್ಟುವುದನ್ನು ಬಲ್ಲ ನಮ್ಮ ಓದುಗರಿಗೆ ಆ ಬೆನ್ನುಗಳ ಬಾಗು ಅಪರಿಚಿತವೆನಿಸದು.

ತನ್ನ ನಂಬಿಕೆಗಳನ್ನೆಲ್ಲ ಕ್ರೋಡೀಕರಿಸಿ ೧೮೮೯ರಲ್ಲಿ ಎಮರ್ಸನ್ ಸಹಜ ಛಾಯಾಗ್ರಹಣವನ್ನು ಕುರಿತ ಒಂದು ಪಠ್ಯವನ್ನು ಪ್ರಕಟಿಸಿದ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಬಗ್ಗೆ ನಡೆಸಿದ ಸಂಶೋಧನೆ ಅದಕ್ಕೆ ಆಧಾರ. ನಮ್ಮ ಕಣ್ಣು ತಾನು ನೆಟ್ಟ ಎಡೆಯನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಸುತ್ತಲಿನದು ಮಸುಕು. ಹಾಗಾದರೆ ಮೂಲೆಮೂಲೆಯೂ ಸೂಜಿಮೊನೆಯಂತೆ ಚೂಪಾಗಿರುವ ಚಿತ್ರ ಸತ್ಯವಾದ ಚಿತ್ರವಲ್ಲ. ಮುಖ್ಯ ವಸ್ತು ಸ್ಪಷ್ಟವಾಗಿ, ಉಳಿದದ್ದು ತುಸು ಮೃದುವಾಗಿ ಇರಬೇಕು ಎಂದು ಆತ ಸಾಧಿಸಿದ. ಪರ ವಿರೋಧಗಳ ಕೋಲಾಹಲವೇ ಎದ್ದಿತು. ಇದಕ್ಕೆ ಎರಡು ವರ್ಷ ಮೊದಲೇ, ೧೮೮೭ರ ಹವ್ಯಾಸಿಗಳ ಸ್ಪರ್ಧೆಯೊಂದರಲ್ಲಿ ತೀರ್ಪುಗಾರನಾಗಿ ಆತ ಬರ್ಲಿನ್‌ನಲ್ಲಿ ಓದುತ್ತಿದ್ದ ಅಮೆರಿಕದ ತರುಣನೊಬ್ಬನಿಗೆ ಬಹುಮಾನ ಕೊಟ್ಟಿದ್ದ. ಆ ತರುಣ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್. ಮುಂದೆ ಅಮೆರಿಕದಲ್ಲಿ ಛಾಯಾಚಿತ್ರಕ್ಕೆ ಕಲೆಯ ಮನ್ನಣೆ ತಂದವರಲ್ಲಿ ಮೊದಲಿಗ.

ಇಷ್ಟರಲ್ಲಿ ಬಂದಿತು ತಿರುವು. ೧೮೯೦ರಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಇಬ್ಬರು ಒಂದು ಸಂಶೋಧನೆಯನ್ನು ಹೊರತಂದರು. ಫಲಕದ ಮೇಲೆ ಬಿದ್ದ ಬೆಳಕಿಗೂ ಅದರಿಂದ ಮೂಡುವ ಕಪ್ಪಿಗೂ ನಿಯತವಾದ ಸಂಬಂಧವಿದೆ. ರಾಸಾಯನಿಕಗಳಲ್ಲಿ ತೊಳೆಯುವವನು ಅದನ್ನು ತನ್ನ ಇಚ್ಛೆಯಂತೆ ಬದಲಿಸಲಾರ ಎಂದು ಅವರು ತೋರಿಸಿದರು. ಅದೇ ಕಾಲದಲ್ಲಿ ಒಬ್ಬ ಹಿರಿಯ ಕಲಾವಿದನೊಡನೆ ನಡೆದ ಮಾತುಕತೆಯೂ ಎಮರ್ಸನ್‌ನ ಮನಸ್ಸನ್ನು ಕದಡಿತು. ಆ ಕಲಾವಿದನ ಹೆಸರನ್ನು ಆತ ಹೇಳಲಿಲ್ಲ. ವಿಸ್ಲರ್ ಇರಬೇಕೆಂದು ಹಲವರ ಊಹೆ. ಬೆಳಕುನೆರಳುಗಳನ್ನು ಆಳಲಾರದವನು ಕಲಾವಿದ ಹೇಗಾದಾನು? ಎಮರ್ಸನ್ ಮುಚ್ಚುಮರೆ ಮಾಡಲಿಲ್ಲ. ಸಹಜ ಛಾಯಾಗ್ರಹಣ ಸತ್ತಿತೆಂದು ಸಾರುವ ಕಿರುಹೊತ್ತಿಗೆಯೊಂದನ್ನು ೧೮೯೦ರ ಇಸವಿ ಹಾಕಿ ಅಚ್ಚು ಮಾಡಿಸಿದ. ಅದಕ್ಕೆ ಕರಿಯ ಅಂಚು. ಶುಭಪತ್ರಕ್ಕೆ ಅರಿಶಿನ ಹಚ್ಚುವ ನಮಗೆ ಆ ಕರಿಯ ಅಂಚಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾನೇ ಹೆತ್ತು ಸಾಕಿದ ಮತಕ್ಕೆ ತಾನೇ ಸಾವಿನ ಓಲೆ ಬರೆದದ್ದು. ೧೮೯೯ರಲ್ಲಿ ಅದೇ ಪಠ್ಯದ ಮೂರನೆಯ ಮುದ್ರಣ ಬಂದಾಗ, ಛಾಯಾಚಿತ್ರ ಕಲೆಯೆಂದು ವಾದಿಸಿದ್ದ ಅಧ್ಯಾಯವನ್ನು ತೆಗೆದು, ಕಲೆಯಲ್ಲವೆಂದು ಹೇಳುವ ಅಧ್ಯಾಯವನ್ನು ಆ ಸ್ಥಾನದಲ್ಲಿಟ್ಟ.

ವಿಶೇಷವೆಂದರೆ, ಕೈ ಮಾತ್ರ ಕ್ಯಾಮರಾವನ್ನು ಬಿಡಲಿಲ್ಲ. ೧೮೯೦ರಿಂದ ೧೮೯೧ರವರೆಗೆ ಆತ ಆ ನಾಡಿನ ವೆರಿ ಎಂಬ ಹಾಯಿದೋಣಿಯಲ್ಲಿಯೇ ವಾಸಮಾಡಿಕೊಂಡು ನದಿ ಸರೋವರಗಳಲ್ಲಿ ಸಂಚರಿಸಿದ. ಆ ಅನುಭವವನ್ನು ಹೇಳುವ ಪುಸ್ತಕ ೧೮೯೩ರಲ್ಲಿ ಬಂತು. ೧೮೯೫ರಲ್ಲಿ ಬಂದ ಆತನ ಕೊನೆಯ ಚಿತ್ರಸಂಪುಟದಲ್ಲಿ ೧೬ ಚಿತ್ರಗಳಿವೆ. ಹಿಮ, ಮಂಜು, ಎಲೆ ಕಳೆದ ಗಿಡ, ಖಾಲಿ ನೀರು. ಮನುಷ್ಯರು ಬಹು ವಿರಳ. ಇವುಗಳ ಮುದ್ರಣದ ತಾಮ್ರಫಲಕಗಳನ್ನು ಕೊರೆಯುವುದನ್ನೂ ಆತ ಸ್ವತಃ ಕಲಿತಿದ್ದ. ಕಲೆಯಲ್ಲವೆಂದು ತೀರ್ಮಾನಿಸಿದವನು ಇಷ್ಟು ಶ್ರಮಪಟ್ಟದ್ದು ಯಾತಕ್ಕೆ? ವಾದ ಮುಗಿದಿತ್ತು, ಪ್ರೀತಿ ಮುಗಿದಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ. ಅನೇಕ ವಿಮರ್ಶಕರು ಆತನ ಅತ್ಯುತ್ತಮ ಕೃತಿಯೆಂದು ಈ ಕೊನೆಯ ಸಂಪುಟವನ್ನೇ ಹೆಸರಿಸುತ್ತಾರೆ.

ಎಮರ್ಸನ್‌ನನ್ನು ಹೊಗಳುವ ಭರದಲ್ಲಿ ಒಂದೆರಡು ಮಾತುಗಳನ್ನು ಮರೆಯಬಾರದು. ಸಹಜತೆಯನ್ನು ಬೋಧಿಸಿದವನಾದರೂ ಹಲವು ಚಿತ್ರಗಳಲ್ಲಿ ಜನರನ್ನು ಆತನೇ ನಿಲ್ಲಿಸಿದ್ದಾನೆ. ಮೊಲಕ್ಕೆ ಗುರಿಯಿಟ್ಟ ಕಳ್ಳಬೇಟೆಗಾರ ಕ್ಯಾಮರಾದ ಮುಂದೆ ತಾನಾಗಿ ಬಂದು ನಿಂತವನಲ್ಲ. ಬಿಡುವಿದ್ದವನು ಎಮರ್ಸನ್, ಚಿತ್ರದಲ್ಲಿರುವವರಿಗೆ ಬಿಡುವಿರಲಿಲ್ಲ. ತನ್ನ ಮತವನ್ನು ಹಿಂತೆಗೆದುಕೊಂಡರೂ ಆತನ ಮನೆಯ ಒಲೆ ಆರುವಂತಿರಲಿಲ್ಲ. ಜೊಂಡು ಕೊಯ್ಯುವುದನ್ನು ಬಿಟ್ಟರೆ ಅವರ ಒಲೆ ಆರುತ್ತಿತ್ತು. ಆದರೂ ಅವರ ಕೂಲಿ, ಗುಡಿಸಲು, ಆಡುಮಾತು, ಕಟ್ಟುಕಥೆಗಳನ್ನು ತನ್ನ ಬರಹದಲ್ಲಿ ದಾಖಲಿಸಿದನೆಂಬುದನ್ನು ಆತನ ಪುಣ್ಯದ ಖಾತೆಗೆ ಬರೆಯಲೇಬೇಕು.

ಇನ್ನೊಂದು ಸಂಗತಿ ಆತನಿಗೆ ತಿಳಿಯುವ ಅವಕಾಶವೇ ಇರಲಿಲ್ಲ. ಆ ಸರೋವರಗಳು ಪ್ರಕೃತಿ ನಿರ್ಮಿತವೆಂದೇ ಎಲ್ಲರೂ ನಂಬಿದ್ದರು. ೧೯೫೦ರ ದಶಕದಲ್ಲಿ ಜಾಯ್ಸ್ ಲ್ಯಾಂಬರ್ಟ್ ಎಂಬ ಸಸ್ಯಶಾಸ್ತ್ರಜ್ಞೆಯೂ ಆಕೆಯ ಸಹೋದ್ಯೋಗಿಗಳೂ ನೆಲವನ್ನು ಕೊರೆದು ಪರೀಕ್ಷಿಸಿ, ೧೯೬೦ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಅವು ಮಧ್ಯಯುಗದ ಜನ ಉರುವಲಿಗಾಗಿ ಪೀಟ್ ಎಂಬ ಕರಿಮಣ್ಣನ್ನು ಅಗೆದು ತೆಗೆದ ಹೊಂಡಗಳು. ಮುಂದೆ ನೀರಿನ ಮಟ್ಟ ಏರಿ ತುಂಬಿಕೊಂಡವು. ಎಮರ್ಸನ್ ಪ್ರಕೃತಿಯೆಂದು ಪೂಜಿಸಿದ್ದು ಹೆಸರಿಲ್ಲದ ಸಾವಿರಾರು ಸನಿಕೆಗಳ ಕೆಲಸ. ಕೆರೆಯನ್ನು ಕಟ್ಟಿದವರ ಹೆಸರು ಮರೆತು ಅದರ ಏರಿಯ ಮೇಲೆ ಸಂಜೆಯ ಸೊಬಗನ್ನು ಸವಿಯುವ ನಮಗೆ ಇದು ಹೊಸದಲ್ಲ. ಆತನ ಸಿದ್ಧಾಂತಕ್ಕೆ ಗೊತ್ತಿರದಿದ್ದುದನ್ನು ಚಿತ್ರಗಳು ಹೇಗೋ ಬಲ್ಲವು: ಅಲ್ಲಿ ನೀರಿನ ಪಕ್ಕದಲ್ಲಿ ದುಡಿಯುವ ಮನುಷ್ಯ ಇದ್ದೇ ಇದ್ದಾನೆ.

೧೮೯೫ರ ನಂತರ ಎಮರ್ಸನ್ ಹೊಸ ಚಿತ್ರಸಂಪುಟವನ್ನು ಹೊರತರಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಆತನಿಗೆ ಪದಕವಿತ್ತು ಗೌರವಿಸಿತು. ೧೯೩೬ರ ಮೇ ೧೨ರಂದು ಕಾರ್ನ್‌ವಾಲ್ ಸೀಮೆಯ ಫಾಲ್‌ಮತ್ ಊರಿನಲ್ಲಿ ಆತ ತೀರಿಕೊಂಡ. ಇನ್ನೊಂದು ದಿನ ಕಳೆದಿದ್ದರೆ ಎಂಬತ್ತು ತುಂಬುತ್ತಿತ್ತು. ಆತನ ಮೊದಲ ಮಾತು, ಕೊನೆಯ ಮಾತು ಎರಡೂ ಇಂದು ಪಂಡಿತರ ಚರ್ಚೆಗೆ ಸೇರಿಹೋಗಿವೆ. ನಾನಂತೂ ನಂಬುವುದು ಎರಡರ ನಡುವೆ ಆತ ನೋಡುತ್ತ ನಿಂತ ಆ ಹತ್ತು ಹನ್ನೆರಡು ವರ್ಷಗಳನ್ನು. ಹುಟ್ಟು ಹಿಡಿದ ಆ ಗಂಡಸು, ನೈದಿಲೆಗೆ ಕೈ ಚಾಚಿದ ಆ ಹೆಂಗಸು ಕರಿಯ ಅಂಚಿನ ಹೊತ್ತಿಗೆಯನ್ನು ಓದಿದವರಲ್ಲ. ಅವರ ದೋಣಿ ಇನ್ನೂ ಆ ನೀರಿನ ಮೇಲೆ ನಿಂತಿದೆ.