ರಾಬರ್ಟ್ ಬ್ರೂಸ್ ಫೂಟ್ ಮಹಾಶಯರು

ನಮ್ಮ ಪಟ್ಟಂದೂರು ಅಗ್ರಹಾರದಲ್ಲಿ ಮನೆಯ ಅಸ್ತಿಭಾರಕ್ಕಾಗಿ ನೆಲವನ್ನಗೆಯುವವರಿಗೆ ಕೆಮ್ಮಣ್ಣಿನ ಅಡಿಯಲ್ಲಿ ಕಪ್ಪು ಬಿಳುಪು ಪಟ್ಟೆಗಳುಳ್ಳ ಗಟ್ಟಿಬಂಡೆಯು ಸಿಕ್ಕುವುದುಂಟು. ಇದಕ್ಕೆ ನೈಸ್ ಶಿಲೆಯೆಂದು ಹೆಸರು. ಲಾಲ್‌ಬಾಗಿನ ಬಂಡೆಯೂ ಇದೇ ಜಾತಿಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಇಂತಹ ಶಿಲೆಗಳ ಚರಿತ್ರೆಗೆ ಕನ್ನಡನಾಡಿನಲ್ಲಿ ತಳಹದಿಯನ್ನು ಹಾಕಿದವರಲ್ಲಿ ಫೂಟ್ ಮಹಾಶಯರು ಪ್ರಮುಖರು.

ಇವರು 1834ನೆಯ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನಲ್ಲಿ ಜನಿಸಿದರು. 1858ರಲ್ಲಿ ಭಾರತದ ಭೂಗರ್ಭ ಸರ್ವೇಕ್ಷಣಾ ಇಲಾಖೆಯನ್ನು ಸೇರಿ, 33 ವರ್ಷಗಳ ಕಾಲ ಸೇವೆ ಸಲ್ಲಿಸಿದರು. ಮಿಷನರಿಗಳೂ ತಮಿಳು ಪಂಡಿತರೂ ಆಗಿದ್ದ ಪೀಟರ್ ಪರ್ಸಿವಲ್‌ರವರು ಇವರ ಮಾವನವರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನಾಯುಧವನ್ನು ಕಂಡುಹಿಡಿದು ಇವರು ಪ್ರಖ್ಯಾತರಾದರು.

ಧಾರವಾಡ, ಬಳ್ಳಾರಿ, ಸಂಡೂರು ಮುಂತಾದ ಸೀಮೆಗಳಲ್ಲಿ ಸಂಚರಿಸುತ್ತ, ನೈಸಿನ ನಡುವೆ ನೀಳವಾಗಿ ಮಡಿಚಿಕೊಂಡಿರುವ ಪದರಶಿಲೆಗಳು ಬೇರೆಯೇ ಒಂದು ವರ್ಗವೆಂದು ಇವರು ಗುರುತಿಸಿದರು. 1880ರ ದಶಕದಲ್ಲಿ ಅದಕ್ಕೆ ಧಾರವಾಡದ ಹೆಸರನ್ನಿಟ್ಟರು. ದಕ್ಷಿಣದೇಶದ ಚಿನ್ನಕ್ಕೆ ಮುಖ್ಯವಾದ ನೆಲೆಯು ಈ ಶಿಲೆಗಳೇ ಎಂದು ತೋರಿಸಿಕೊಟ್ಟರು. 1894ರಲ್ಲಿ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಯು ಸ್ಥಾಪಿತವಾದಾಗ ಅದರ ಮೊದಲ ಮುಖ್ಯಸ್ಥರಾದರು.

ಆದರೆ ಈ ಕಲ್ಲುಗಳನ್ನು ಮಡಿಚಿದ ಶಕ್ತಿ ಯಾವುದು? ಭೂಮಿಯು ಆರುತ್ತ ಕುಗ್ಗಿ, ಒಣಗಿದ ಹಣ್ಣಿನ ಸಿಪ್ಪೆಯಂತೆ ಸುಕ್ಕುಗಟ್ಟಿತೆಂದು ಆ ಕಾಲದ ಅನೇಕ ವಿದ್ವಾಂಸರು ನಂಬಿದ್ದರು. ಖಂಡಗಳು ಚಲಿಸುವುವೆಂದು ಜರ್ಮನಿಯ ವೇಗೆನರ್‌ರವರು ಸಾರಿದ್ದು 1912ರ ಜನವರಿಯಲ್ಲಿ. ಅದೇ ವರ್ಷದ ಡಿಸೆಂಬರ್ 29ರಂದು ಫೂಟರು ಕಲ್ಕತ್ತೆಯಲ್ಲಿ ದೈವಾಧೀನರಾದರು.

ಭೂಮಿಯ ಹೊರಕವಚವು ಹಲವು ಫಲಕಗಳಾಗಿ ಒಡೆದಿದ್ದು, ಅವು ವರ್ಷಕ್ಕೆ ಕೆಲವೇ ಅಂಗುಲ ಸರಿಯುವುವೆಂಬುದು 1960ರ ದಶಕದಲ್ಲಿ ಸ್ಥಿರಪಟ್ಟಿತು. ಫಲಕಗಳು ಪರಸ್ಪರ ಒತ್ತಿದೆಡೆಯಲ್ಲಿ ಕಲ್ಲು ಮಡಿಚಿಕೊಳ್ಳುತ್ತದೆ. ಆಳದ ಶಾಖಕ್ಕೂ ಭಾರಕ್ಕೂ ಸಿಕ್ಕಿ ರೂಪಾಂತರ ಹೊಂದುತ್ತದೆ. ಕರ್ನಾಟಕದ ಪೂರ್ವ ಪಶ್ಚಿಮ ಭಾಗಗಳು ಹೀಗೆಯೇ ಸುಮಾರು 250 ಕೋಟಿ ವರ್ಷಗಳ ಹಿಂದೆ ಬೆಸೆದುಕೊಂಡುವೆಂದು ಅನೇಕ ಭೂವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ. ಭಾರತದ ಫಲಕವು ಏಷ್ಯಾವನ್ನು ತಾಕಿ ಹಿಮಾಲಯವನ್ನೆಬ್ಬಿಸತೊಡಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ, ಅಂದರೆ ನಮ್ಮ ನೆಲದ ಲೆಕ್ಕದಲ್ಲಿ ಮೊನ್ನೆ ಮೊನ್ನೆ.

ಫೂಟರಿಗೆ ಈ ಕಾರಣಗಳು ತಿಳಿದಿರಲಿಲ್ಲ. ಆದರೂ ಯಾವ ಕಲ್ಲು ಎಲ್ಲಿದೆ, ಯಾವುದರ ಮೇಲೆ ಯಾವುದು ಕುಳಿತಿದೆ ಎಂಬುದನ್ನು ಅವರು ಕಂಡಂತೆಯೇ ಬರೆದಿಟ್ಟರು. ಆದುದರಿಂದಲೇ ಹಳೆಯ ಸಿದ್ಧಾಂತವು ಬಿದ್ದುಹೋದರೂ ಅವರ ಕೆಲಸವು ಬೀಳಲಿಲ್ಲ. ಧಾರವಾಡದ ಹೆಸರು ಇಂದಿಗೂ ಲೋಕದ ಭೂವಿಜ್ಞಾನ ಗ್ರಂಥಗಳಲ್ಲಿ ನಿಂತಿದೆ. ನಮ್ಮ ಸುತ್ತಲಿನ ಬಂಡೆಗಳು ದಿನೇ ದಿನೇ ಕಟ್ಟಡಗಳಡಿ ಮರೆಯಾಗುತ್ತಿವೆ. ಪೋಷಕರೂ ಹಳೆಯ ವಿದ್ಯಾರ್ಥಿನಿಯರೂ ಉಳಿದವುಗಳನ್ನು ಮಕ್ಕಳಿಗೆ ತೋರಿಸಿ, ಕಂಡದ್ದನ್ನು ಬರೆದಿಡುವ ಅಭ್ಯಾಸವನ್ನು ಅವರಲ್ಲಿ ಬೆಳೆಸಬೇಕೆಂದು ನಾವು ವಿಜ್ಞಾಪಿಸುತ್ತೇವೆ.